ನಂದಿಬೆಟ್ಟದಲ್ಲಿ ಮಳೆಕಾಡಿನ ಪಾರಿವಾಳ: ನೋಡಬೇಕೆನ್ನುವವರಿಗೆ

ನಂದಿಬೆಟ್ಟಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಮೋಡ ನೋಡಿದೆವು, ಸೂರ್ಯೋದಯ ನೋಡಿದೆವು, ಟಿಪ್ಪು ಡ್ರಾಪ್ ಹತ್ತಿರ ಫೋಟೊ ತೆಗೆಸಿಕೊಂಡೆವು ಅನ್ನುತ್ತಾರೆ. ಚಿಕ್ಕಬಳ್ಳಾಪುರದಲ್ಲೇ ಹುಟ್ಟಿ ಬೆಳೆದ ನಾನೂ ಎಷ್ಟೋ ವರ್ಷ ಅಷ್ಟನ್ನೇ ನೋಡಿಕೊಂಡು ಇಳಿದು ಬಂದಿದ್ದೇನೆ. ಅದೇ ಬೆಟ್ಟದ ನೆತ್ತಿಯ ಮರಗಳಲ್ಲಿ ಪಶ್ಚಿಮ ಘಟ್ಟದ ಹಕ್ಕಿಯೊಂದು ನೆಲೆಸಿದೆ ಅಂತ ತಿಳಿದಾಗ ಮೊದಲು ನಂಬಲಿಲ್ಲ. ನೀಲಗಿರಿ ಕಾಡುಪಾರಿವಾಳ ಅಂತ ಅದರ ಹೆಸರು.

ನಮ್ಮ ಕಡೆ ನೀಲಗಿರಿ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ನೀಲಗಿರಿ ಮರದ ತೋಪು. ಹಕ್ಕಿಗೂ ಆ ಮರಕ್ಕೂ ಸಂಬಂಧವಿಲ್ಲ. ಹೆಸರು ಬಂದಿರುವುದು ತಮಿಳುನಾಡಿನ ನೀಲಗಿರಿ ಬೆಟ್ಟಗಳಿಂದ. ಘಟ್ಟದ ಒದ್ದೆ ಕಾಡು, ಎತ್ತರದ ಬೆಟ್ಟಗಳ ಮಡಿಲಲ್ಲಿ ಬೆಳೆಯುವ ಶೋಲಾ ಅನ್ನುವ ನಿತ್ಯಹಸಿರು ಕಾಡು ಇದರ ಮನೆ. ಘಟ್ಟದ ಸಾಲಿನಿಂದ ಈಚೆಗೆ ಬಿಳಿಗಿರಿರಂಗನ ಬೆಟ್ಟದಲ್ಲಿದೆ, ನಂದಿಯಲ್ಲಿದೆ. ಸಕಲೇಶಪುರದ ಕಾಡಿನಿಂದ ನಂದಿಗೆ ನೇರ ಗೆರೆ ಎಳೆದರೂ ಸುಮಾರು 200 ಕಿ.ಮೀ. ಆಗುತ್ತದೆ. ನಡುವೆ ರಾಗಿ ಹೊಲ, ತೆಂಗಿನ ತೋಟ, ಊರು, ಒಣ ಕೆರೆ. ಸಾವಿರ ಅಡಿ ಬೋರ್‌ವೆಲ್ ಕೊರೆಸಿದರೂ ನೀರು ಕಾಣದ ನಮ್ಮ ಜಿಲ್ಲೆಯಲ್ಲಿ ಮಳೆಕಾಡಿನ ಹಕ್ಕಿ ಬದುಕಿರುವುದು ಹೇಗೆ?

ಉತ್ತರ ಬೆಟ್ಟದ ಎತ್ತರದಲ್ಲಿದೆ. ನಂದಿಯ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಮೋಡ ಬೆಟ್ಟಕ್ಕೆ ತಗುಲಿ ಎಲೆಗಳ ಮೇಲೆ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಕೆಳಗೆ ಸುಡು ಬಿಸಿಲಿದ್ದ ದಿನವೂ ಮೇಲೆ ಮರದ ಬುಡ ಒದ್ದೆಯಾಗಿರುತ್ತದೆ, ಕೊಂಬೆಯ ತುಂಬ ಪಾಚಿ, ಬಂದಳಿಕೆಯಂಥ ಗಿಡ. ಇಳಿಜಾರೆಲ್ಲ ಕುರುಚಲು ಕಾಡಾದರೆ ನೆತ್ತಿಯಲ್ಲಿ ಮಾತ್ರ ಪುಟ್ಟದೊಂದು ನಿತ್ಯಹಸಿರು ಕಾಡು ಉಳಿದಿದೆ. ಅದರಲ್ಲೂ ಹೊರಗಿನಿಂದ ತಂದು ನೆಟ್ಟ ಗಿಡಗಳು ಬೇಕಾದಷ್ಟು ಸೇರಿಕೊಂಡಿವೆ. ಪಾರಿವಾಳದ ಬದುಕು ಅಷ್ಟರಲ್ಲೇ.

ಈಗ ನನ್ನ ಮೊದಲ ಪ್ರಯತ್ನದ ಕಥೆ. ತಮ್ಮನ ಮಗಳನ್ನು ಕರೆದುಕೊಂಡು ಭಾನುವಾರ ಹೋದೆ. ಕೆಳಗಿನ ಚೆಕ್‌ಪೋಸ್ಟ್‌ನಲ್ಲೇ ಗಾಡಿಗಳ ಸಾಲು. ಮೇಲೆ ತಲುಪುವಷ್ಟರಲ್ಲಿ ಒಂಬತ್ತಾಗಿತ್ತು. ಹಾರ್ನ್, ಕೂಗಾಟ, ಸ್ಪೀಕರ್‌ನಲ್ಲಿ ಹಾಡು. ಯೋಗನಂದೀಶ್ವರ ಗುಡಿಯ ಹತ್ತಿರ ಪಾರಿವಾಳ ಕಂಡಿತು, ಮಗು ಕುಣಿಯಿತು, ನಾನೂ ಹಿಗ್ಗಿದೆ. ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದರೆ ಊರ ಗುಡಿಗಳಲ್ಲಿರುವ ಮಾಮೂಲಿ ಪಾರಿವಾಳ. ಆದ್ದರಿಂದ ಶನಿವಾರ, ಭಾನುವಾರ, ಹಬ್ಬದ ರಜೆ ಬಿಟ್ಟುಬಿಡಿ. ಗೇಟಿನ ಸಮಯ, ಗಾಡಿ ಬಿಡುವ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು, ಹಾಗಾಗಿ ಜೋರು ಮಳೆಯಾದ ಮರುದಿನ ಹೊರಡುವವರಿಗೆ ಇದು ಇನ್ನೂ ಮುಖ್ಯ.

ಎರಡನೇ ಸಲ ಡಿಸೆಂಬರ್‌ನ ಒಂದು ಬುಧವಾರ ಹೋದೆವು. ಗೇಟು ತೆಗೆಯುತ್ತಲೇ ಒಳಗಿದ್ದೆವು. ಎಲ್ಲರೂ ಸೂರ್ಯೋದಯಕ್ಕೆಂದು ಬಂಡೆಯ ಕಡೆ ನಡೆದರೆ ನಾವು ನೆಹರೂ ನಿಲಯದ ಸುತ್ತಿನ ದೊಡ್ಡ ಮರಗಳ ಕಡೆ ಹೊರಟೆವು. ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಕಬ್ಬನ್ ಸಾಹೇಬರು ಬೇಸಿಗೆಗೆಂದು ಕಟ್ಟಿಸಿಕೊಂಡಿದ್ದ ಮನೆ ಅದು. ಅಲ್ಲಿಂದ ಮುಂದೆ ತೋಟಗಾರಿಕೆ ಇಲಾಖೆಯ ನರ್ಸರಿಯ ಕಡೆ ನೆರಳು ದಟ್ಟವಾಗಿದೆ, ಹಕ್ಕಿ ನೋಡುವವರಿಗೆ ಬೆಟ್ಟದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಅರ್ಧ ಗಂಟೆ ಕತ್ತೆತ್ತಿ ಓಡಾಡಿದೆವು, ಏನೂ ಇಲ್ಲ. ಕಸ ಗುಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನೇ ನೋಡುತ್ತಿದ್ದರು.

"ಏನಕ್ಕ ಹುಡುಕ್ತಾ ಇದೀರ?"

"ದೊಡ್ಡ ಪಾರಿವಾಳ ಅಣ್ಣ, ಕಾಡಿಂದು."

"ಹಂಗೆ ಓಡಾಡಿದ್ರೆ ಸಿಗಲ್ಲ. ಹಣ್ಣು ಬಿಟ್ಟಿರೋ ಮರ ನೋಡ್ಕೊಂಡು ಸುಮ್ನೆ ಕೂತ್ಕೊಳಿ. ಹಣ್ಣು ಉದುರೋ ಸದ್ದು ಬರುತ್ತೆ."

ಅವರು ಹೇಳಿದ್ದಷ್ಟನ್ನೇ ಮಾಡಿದೆವು. ಕಲ್ಲು ಕಟ್ಟೆಯ ಮೇಲೆ ಕೂತೆವು. ಮಂಜು ಬಂದು ಹೋಗುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಆಮೇಲೆ ಟಪ್ ಅಂತ ಒಂದು ಕಾಯಿ ಎಲೆಯ ಮೇಲೆ ಬಿತ್ತು. ಮತ್ತೊಂದು ಬಿತ್ತು. ತಲೆಯೆತ್ತಿದರೆ ಕೊಂಬೆಯ ನೆರಳಿನಲ್ಲಿ ಕೋಳಿಮರಿಗಿಂತ ದೊಡ್ಡದಾದ ಮೈ, ಅಲುಗಾಡುತ್ತಿಲ್ಲ. ಬೈನಾಕುಲರ್ ಹಿಡಿದಾಗಲೇ ಬಣ್ಣ ತೆರೆದುಕೊಂಡಿದ್ದು. ಬೂದು ತಲೆ, ಬೆನ್ನು ಒಣಗಿದ ಅಡಿಕೆಯ ಕೆಂಗಂದು, ಕುತ್ತಿಗೆಯ ಹಿಂದೆ ಕರಿ ಬಿಳಿ ಚೌಕಗಳು. ಚದುರಂಗದ ಹಾಸಿನ ತುಂಡೊಂದನ್ನು ಕತ್ತರಿಸಿ ಅಂಟಿಸಿದ ಹಾಗೆ. ಆ ಗರಿಗಳು ಕಪ್ಪು, ತುದಿ ಬಿಳಿ, ಒಂದರ ಮೇಲೊಂದು ಕೂತು ಹಾಗೆ ಕಾಣುತ್ತವೆ. ಅದು ಕೊಕ್ಕಿನಲ್ಲಿ ಹಣ್ಣು ಹಿಡಿದು, ಕತ್ತು ನೀಟಿ, ಇಡಿಯಾಗಿ ನುಂಗಿತು. ಗಂಟಲಿನಲ್ಲಿ ಉಬ್ಬು ಇಳಿಯುವುದು ಸ್ಪಷ್ಟವಾಗಿ ಕಂಡಿತು. ಮಗು ನನ್ನ ಕೈ ಬಿಗಿಯಾಗಿ ಹಿಡಿದಿತ್ತು, ಒಂದು ಮಾತಿಲ್ಲ.

ಗುರುತು ಹಿಡಿಯುವಾಗ ಆ ಕತ್ತಿನ ಚೌಕಗಳನ್ನೇ ನೋಡಿ. ಮಾಮೂಲಿ ಪಾರಿವಾಳಕ್ಕೆ ಅಲ್ಲಿ ಹಸಿರು, ನೇರಳೆ ಹೊಳಪು ಮಾತ್ರ, ರೆಕ್ಕೆಯ ಮೇಲೆ ಎರಡು ಕರಿ ಪಟ್ಟಿ. ಅದು ಬಂಡೆ, ಗೋಪುರ, ಗೋಡೆಗಳ ಮೇಲೆ ಗುಂಪಾಗಿ ಕೂರುತ್ತದೆ. ಕಾಡುಪಾರಿವಾಳ ಮರದ ಎಲೆಯ ಮರೆ ಬಿಟ್ಟು ಬರುವುದು ಕಡಿಮೆ, ಉದುರಿದ ಹಣ್ಣಿಗೆ ಮಾತ್ರ ಒಮ್ಮೊಮ್ಮೆ ನೆಲಕ್ಕಿಳಿಯುತ್ತದೆ. ಗಾತ್ರ 36ರಿಂದ 42 ಸೆಂ.ಮೀ. ಕೂಗು ಕೇಳಿದರೆ ಮುಸುವ ಕೂಗಿತೇನೋ ಅನ್ನಿಸುತ್ತದೆ: ಮೊದಲು ಒಂದು 'ಹೂ', ಆಮೇಲೆ ಆಳದಿಂದ 'ಹೂ-ಹೂ-ಹೂ'. ದಯವಿಟ್ಟು ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಅಳಿವಿನ ಅಂಚಿಗೆ ಜಾರಬಹುದಾದ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿ ಇದೂ ಇದೆ, ಗೂಡಿಗೆ ಇಡುವುದು ಒಂದೇ ಮೊಟ್ಟೆ. ಮಾರ್ಚ್‌ನಿಂದ ಜುಲೈವರೆಗೆ ಗೂಡಿನ ಕಾಲ. ಆಗ ಹೋದರೆ ಇನ್ನೂ ದೂರ ನಿಂತು ನೋಡಿ, ಫೋಟೊಗೆಂದು ಮರದ ಬುಡಕ್ಕೆ ನುಗ್ಗಬೇಡಿ.

ನವೆಂಬರ್‌ನಿಂದ ಫೆಬ್ರವರಿ ನಾನು ಹೇಳುವ ಕಾಲ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೂ ಆಗ ಅದೇ ನೆರಳಿನಲ್ಲಿ ಎಲೆ ಕೆದಕುತ್ತಿರುತ್ತವೆ. ಚಳಿ ಸಾಕಷ್ಟಿರುತ್ತದೆ, ಸ್ವೆಟರ್ ಬೇಕು, ಕಡುಬಣ್ಣದ್ದಾದರೆ ಒಳ್ಳೆಯದು. ಬೈನಾಕುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಮಂಜಿಗೆ ಗಾಜು ಮಬ್ಬಾಗುತ್ತದೆ, ಹಳೆಯ ಹತ್ತಿ ಪಂಚೆಯ ತುಂಡು ಜೇಬಿನಲ್ಲಿರಲಿ. ತಿಂಡಿಯನ್ನು ಕವರ್‌ನಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಕವರಿನ ಸದ್ದಿಗೇ ಬರುತ್ತವೆ. ನಮ್ಮ ಚಪಾತಿ ಹಾಗೇ ಹೋಯಿತು.

ಮೊಣಕಾಲು ಗಟ್ಟಿಯಿದ್ದವರು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲುಗಳನ್ನೂ ಬಿಡಬೇಡಿ. ಬಂಡೆ, ಕುರುಚಲು ಗಿಡಗಳ ಆ ದಾರಿ ಹಳದಿ ಗಂಟಲಿನ ಪಿಕಳಾರದ್ದು, ಅಂದರೆ ಬುಲ್‌ಬುಲ್ ಹಕ್ಕಿಯದ್ದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಮೇಲೆ ಒದ್ದೆ ಕಾಡಿನ ಪಾರಿವಾಳ, ಕೆಳಗೆ ಒಣ ಬಂಡೆಯ ಪಿಕಳಾರ, ಒಂದೇ ಬೆಳಗ್ಗೆ ಎರಡೂ ಸಿಗಬಹುದು. ನಮಗೆ ಪಿಕಳಾರ ಕಾಣಲಿಲ್ಲ, ಸದ್ದು ಮಾತ್ರ ಕೇಳಿದ ಹಾಗಾಯಿತು.

ಹತ್ತು ಗಂಟೆಗೆ ಜನ ಏರುವ ಮೊದಲೇ ಇಳಿದು ನಂದಿ ಗ್ರಾಮಕ್ಕೆ ಬಂದು, ಭೋಗನಂದೀಶ್ವರನಿಗೆ ಕೈ ಮುಗಿದು, ಕಲ್ಯಾಣಿಯ ಮೆಟ್ಟಿಲ ಮೇಲೆ ಉಳಿದ ಬಾಳೆಹಣ್ಣು ತಿಂದೆವು. ಎದುರಿಗೆ ಬೆಟ್ಟದ ತಲೆ ಇನ್ನೂ ಮೋಡದೊಳಗಿತ್ತು. "ಅತ್ತೆ, ಅದು ಈಗಲೂ ಅಲ್ಲೇ ಕೂತಿರುತ್ತಾ?" ಅಂತ ಮಗು ಕೇಳಿತು. ಮರದಲ್ಲಿ ಹಣ್ಣು ಇರೋವರೆಗೂ ಇರುತ್ತೆ ಅಂದೆ.