ಬಿಟ್ಟಿದ್ದವನು ಮತ್ತೆ ತಗೊಂಡು ಬಂದ ದಿನ

ನಾನು ಕೌನ್ಸೆಲಿಂಗ್ ಮಾಡೋ ಸೆಂಟರ್‌ಗೆ ಮೊನ್ನೆ ಒಬ್ಬ ಹುಡುಗ ಅವನ ಅಕ್ಕನ ಜೊತೆ ಬಂದ. ಇಂಜೆಕ್ಷನ್‌ನಲ್ಲಿ ಹೆರಾಯಿನ್ ತಗೋತಿದ್ದವನು, ಡಿ-ಅಡಿಕ್ಷನ್‌ಗೆ ಸೇರಿ ಕೆಲವು ತಿಂಗಳು ಪೂರ್ತಿ ಬಿಟ್ಟಿದ್ದ, ಈಗ ಮತ್ತೆ ಶುರು ಮಾಡಿದಾನೆ. ಕೂತ್ಕೊಳ್ಳೋಕೂ ಮುಂಚೆನೇ "ಬೈಯೋದಿದ್ರೆ ಬೈದುಬಿಡಿ ಸರ್" ಅಂದ.

"ಬಂದ್ರಲ್ಲ, ಅದೇ ದೊಡ್ಡದು, ಮೊದಲು ಕೈ ತೋರಿಸಿ" ಅಂದೆ. ತುಂಬು ತೋಳಿನ ಶರ್ಟು ಮೇಲೆತ್ತೋಕೆ ಆಗ್ತಿರ್ಲಿಲ್ಲ, ಅಷ್ಟು ಊದಿತ್ತು. ಮೊಣಕೈ ಒಳಭಾಗ ಕೆಂಪಗಾಗಿ, ಮುಟ್ಟಿದ್ರೆ ಬಿಸಿ, ಕೀವು ಕಟ್ತಾ ಇತ್ತು. ಒಂದೇ ಸಿರಿಂಜನ್ನ ತೊಳ್ಕೊಂಡು ತೊಳ್ಕೊಂಡು ಚುಚ್ಚಿಕೊಂಡಿದಾನೆ. ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ ಅಂದ್ರೆ, ಹಿಂದೊಂದು ಸಲ ಹೋದಾಗ ಎಲ್ಲರೆದುರು ಮಾನ ಹರಾಜು ಹಾಕಿದ್ರಂತೆ. ಇದೇ ನನಗೆ ಹೊಟ್ಟೆ ಉರಿಸೋದು, ಅವಮಾನಕ್ಕೆ ಹೆದರಿದವನು ಡ್ರಗ್ಸ್ ಬಿಡಲ್ಲ, ಡಾಕ್ಟರನ್ನ ಬಿಡ್ತಾನೆ, ಆಮೇಲೆ ಬಾಗಿಲು ಹಾಕ್ಕೊಂಡು ಒಬ್ಬನೇ ತಗೊಳ್ತಾನೆ.

ಒಬ್ಬನೇ ತಗೊಳ್ಳೋದು ಎಷ್ಟು ಅಪಾಯ ಅಂತ ಅವನಿಗೆ ಗೊತ್ತಿರ್ಲಿಲ್ಲ. ಬಿಟ್ಟಿದ್ದ ತಿಂಗಳುಗಳಲ್ಲಿ ದೇಹ ತಡ್ಕೊಳ್ಳೋ ಶಕ್ತಿ ಇಳಿದಿರುತ್ತೆ, ಹಳೇ ಡೋಸ್ ತಗೊಂಡ್ರೆ ಉಸಿರೇ ನಿಂತುಹೋಗ್ಬಹುದು, ಜೊತೆಗೆ ಹೆಂಡನೋ ನಿದ್ದೆ ಮಾತ್ರೆನೋ ಸೇರಿದ್ರಂತೂ ಇನ್ನೂ ಕಷ್ಟ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಆಂಬುಲೆನ್ಸ್ ಕರೀಬಹುದು, ಬಾಯಿಗೆ ಬಾಯಿಟ್ಟು ಉಸಿರು ತುಂಬಬಹುದು, ಹೆರಾಯಿನ್ ಓವರ್‌ಡೋಸ್ ತಡೆಯೋ ಔಷಧಿ ನಲಾಕ್ಸೋನ್ ಇದ್ರೆ ಕೊಡಬಹುದು. ಆದ್ರೆ ಅದರ ಕೆಲಸ 30ರಿಂದ 90 ನಿಮಿಷ ಮಾತ್ರ, ಎಚ್ಚರ ಆಯ್ತು ಅಂತ ಬಿಟ್ಟು ಹೋಗೋ ಹಾಗಿಲ್ಲ, ಹೆರಾಯಿನ್ ಪ್ರಭಾವ ಇನ್ನೂ ಇದ್ರೆ ಉಸಿರು ಮತ್ತೆ ಕುಗ್ಗಬಹುದು. ಇದೆಲ್ಲ ಹೇಳಿ, ತಗೊಳ್ಳೋದೇ ಆದ್ರೆ ಒಬ್ಬರೇ ಇದ್ದಾಗ ಬೇಡ, ಸೂಜಿನೂ ಪ್ರತಿ ಸಲ ಹೊಸದೇ ಇರ್ಲಿ ಅಂದೆ.

ಅಕ್ಕ ಅಲ್ಲಿವರೆಗೂ ಸುಮ್ನಿದ್ದವರು ತಡೀಲಾರದೆ "ಬಿಡು ಅಂತ ಹೇಳೋದು ಬಿಟ್ಟು ಹೊಸ ಸೂಜಿ ತಗೋ, ಒಬ್ಬನೇ ತಗೋಬೇಡ ಅಂತೀರಲ್ಲ ಸರ್, ನೀವೇ ದಾರಿ ಮಾಡಿಕೊಟ್ಟ ಹಾಗಾಗ್ಲಿಲ್ವಾ" ಅಂದ್ರು. ಅವರ ಸಂಕಟ ನಿಜವಾದ್ದು. "ಅವರು ಹೇಗಿದ್ರೂ ಇವತ್ತು ರಾತ್ರಿ ತಗೊಳ್ತಾರೆ ಅಂತಿಟ್ಕೊಳ್ಳಿ ಅಮ್ಮಾ, ಬೆಳಿಗ್ಗೆ ಬದುಕಿರ್ಬೇಕಲ್ಲ, ಇದ್ರೆ ತಾನೇ ಬಿಡೋ ಮಾತು" ಅಂದೆ. 1984ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಳಸಿದ ಸೂಜಿ ವಾಪಸ್ ತಗೊಂಡು ಹೊಸದು ಕೊಡೋ ಕೆಲಸ ಶುರುವಾದಾಗ ಅದಕ್ಕೆ ಮುಂದೆ ಬಂದವರು ಡ್ರಗ್ಸ್ ತಗೋತಿದ್ದವರದ್ದೇ ಸಂಘದವರು, ಒಬ್ಬರ ಸೂಜಿ ಇನ್ನೊಬ್ಬರು ಬಳಸಿ ಹೆಪಟೈಟಿಸ್ ಬಿ ಅನ್ನೋ ಲಿವರ್ ಸೋಂಕು ಹರಡ್ತಿದ್ದಿದ್ದನ್ನ ನೋಡಿ. ತಮ್ಮವರು ಸಾಯಬಾರದು ಅನ್ನೋದು ಅವರಿಗೂ ಇತ್ತು ಅಂದೆ.

  

ಆಮೇಲೆ ಅವನನ್ನ ಕೇಳಿದೆ, "ತಗೊಂಡಾಗ ನಿಮಗೆ ಏನು ಸಿಗುತ್ತೆ?" ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿರ್ಲಿಲ್ವಂತೆ. ತುಂಬಾ ಹೊತ್ತು ಸುಮ್ನಿದ್ದು "ನಿದ್ದೆ ಸರ್" ಅಂದ. ರಾತ್ರಿ ಕಣ್ಣು ಮುಚ್ಚಿದ್ರೆ ಎದೆ ಡವಡವ ಅನ್ನುತ್ತೆ, ಅದು ತಡೀಲಾರದೆ ತಗೊಂಡಿದ್ದು. ಅಕ್ಕನಿಗೂ ಇದು ಹೊಸ ಸುದ್ದಿ. ಅಲ್ಲಿಂದ ಮಾತು ಹೆರಾಯಿನ್ ಬಿಟ್ಟು ನಿದ್ದೆ ಕಡೆ, ಭಯದ ಕಡೆ ಹೋಯ್ತು, ಮುಕ್ಕಾಲು ಪಾಲು ಅವನೇ ಮಾತಾಡಿದ.

ಪೂರ್ತಿ ಬಿಡ್ತೀನಿ ಅಂತ ಅವನು ಹೇಳ್ಲಿಲ್ಲ, ನಾನೂ ಹೇಳಿಸ್ಲಿಲ್ಲ. ಬ್ಯುಪ್ರೆನಾರ್ಫಿನ್ ಅನ್ನೋ ಔಷಧಿ ಬಗ್ಗೆ ಡಾಕ್ಟರ್ ಹತ್ರ ಮಾತಾಡೋಕೆ ಒಪ್ಪಿದ, ಅದು ವಿತ್‌ಡ್ರಾವಲ್ (ಬಿಟ್ಟಾಗ ಆಗೋ ಒದ್ದಾಟ) ಮತ್ತು ಚಟದ ಸೆಳೆತ ಎರಡನ್ನೂ ತಗ್ಗಿಸುತ್ತೆ. ಎಚ್‌ಐವಿ, ಹೆಪಟೈಟಿಸ್ ಸಿ ಟೆಸ್ಟ್ ಅಂದಾಗ ಮಾತ್ರ ಮುಖ ಬಿಳಿಚ್ಕೊಂಡ. ಹೆಪಟೈಟಿಸ್ ಸಿ ಬಂದಿದ್ರೂ ಈಗ 8ರಿಂದ 12 ವಾರದ ಮಾತ್ರೆ ಇದೆ, ಹೆಚ್ಚಿನವರಿಗೆ ವಾಸಿಯಾಗುತ್ತೆ, ಎಚ್‌ಐವಿಗೂ ಮಾತ್ರೆ ತಗೊಂಡು ವರ್ಷಗಟ್ಟಲೆ ಚೆನ್ನಾಗಿ ಬದುಕ್ತಾರೆ ಅಂತ ಬಿಡಿಸಿ ಹೇಳಿದೆ. ನರ್ಸ್ ಕೈ ನೋಡಿ, ಇದಕ್ಕೆ ಡಾಕ್ಟರೇ ಕೀವು ತೆಗೀಬೇಕು, ಕೂತಿರಿ ಅಂದ್ರು. "ಹಾಗಾದ್ರೆ ರಕ್ತಾನೂ ಇವತ್ತೇ ತಗೊಂಡ್ಬಿಡಿ" ಅಂದ.