ಹಾಪರ್ ತುಂಬಿದ್ದಾಗ ತೂಗಿದ ಹತ್ತು ಪ್ಯಾಕೆಟ್

ಕಾಫಿ ಪುಡಿ ಪ್ಯಾಕ್ ಮಾಡುವ ಘಟಕವೊಂದರ ಕ್ವಾಲಿಟಿ ವಿಭಾಗಕ್ಕೆ ಸೇರಿದ ಹೊಸತು. 500 ಗ್ರಾಂ ಪ್ಯಾಕೆಟ್ಟಿಗೆ ಪುಡಿ ಜಾಸ್ತಿ ಹೋಗ್ತಿದೆ, ಎಷ್ಟು ಇಳಿಸಬಹುದು ನೋಡಿ ಹೇಳಿ ಅಂದರು ಮ್ಯಾನೇಜರ್. ಬೆಳಿಗ್ಗೆ ಮೆಷಿನ್ ಶುರುವಾದ ಕೂಡಲೇ ಸಾಲಾಗಿ ಬಿದ್ದ ಹತ್ತು ಪ್ಯಾಕೆಟ್ ಎತ್ತಿಕೊಂಡೆ. ಖಾಲಿ ಕವರಿನ ತೂಕ ಕಳೆದು ನೋಡಿದರೆ ಸರಾಸರಿ 502.6 ಗ್ರಾಂ, ಸ್ಟ್ಯಾಂಡರ್ಡ್ ಡೀವಿಯೇಷನ್ (ತೂಕಗಳು ಸರಾಸರಿಯಿಂದ ಎಷ್ಟು ಆಚೀಚೆ ಓಡಾಡುತ್ತವೆ ಅನ್ನೋ ಅಳತೆ) 1.2.

ಒಟ್ಟು ಮಾಲಿನ ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ 95% ಭರವಸೆಯ ವ್ಯಾಪ್ತಿ ಲೆಕ್ಕ ಹಾಕಿದೆ. 1.2 ಅನ್ನು 10ರ ವರ್ಗಮೂಲದಿಂದ ಭಾಗಿಸಿದರೆ 0.38. ಅದನ್ನು 2.262ರಿಂದ ಗುಣಿಸಿದರೆ ಸುಮಾರು 0.9. ಎಲ್ಲರ ಬಾಯಲ್ಲಿರುವ 1.96 ಇಲ್ಲಿ ಸಲ್ಲದು. ಒಟ್ಟು ಮಾಲಿನ ಏರಿಳಿತ ನಮಗೆ ಗೊತ್ತಿಲ್ಲ, ಅದನ್ನೂ ಈ ಹತ್ತೇ ಪ್ಯಾಕೆಟ್ಟಿನಿಂದ ಅಂದಾಜು ಮಾಡಿರುತ್ತೇವೆ. ಹಾಗಾಗಿ ಇಂಥ ಸಣ್ಣ ಮಾದರಿಗಳಿಗೆ ಬಳಸುವ ಟಿ ಕೋಷ್ಟಕ ನೋಡಬೇಕು, 2.262 ಬಂದದ್ದು ಅಲ್ಲಿಂದಲೇ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಲ್ಲಿ ಬರೆದದ್ದು ಇದನ್ನೇ. ನಮ್ಮಂಥದ್ದೇ ಕೆಲಸದಲ್ಲಿದ್ದವರು ಅನ್ನೋದು ನನಗೆ ಇವತ್ತಿಗೂ ಹೆಮ್ಮೆ.

ಸರಾಸರಿಗೆ ಆ 0.9 ಕಳೆದು, ಕೂಡಿಸಿದರೆ ವ್ಯಾಪ್ತಿ 501.7ರಿಂದ 503.5. ಕೆಳತುದಿಯೇ 500 ದಾಟಿದೆಯಲ್ಲ ಅಂತ ಒಂದೂವರೆ ಗ್ರಾಂ ಇಳಿಸಲು ಹೇಳಿದೆ. ಸಂಜೆ ಹೊತ್ತಿಗೆ 496, 497ರ ಪ್ಯಾಕೆಟ್ ಬರತೊಡಗಿದವು.

"ಮೇಡಂ, ನೀವು ತೂಗಿದಾಗ ಹಾಪರ್ ಕಂಠಮಟ್ಟ ತುಂಬಿತ್ತು. ಈಗ ನೋಡಿ," ಅಂತ ಆಪರೇಟರ್ ಅಣ್ಣ ಹಾಪರಿನ, ಅಂದರೆ ಮೆಷಿನ್ನಿಗೆ ಪುಡಿ ತುಂಬಿಡುವ ಪಾತ್ರೆಯ, ಮುಚ್ಚಳ ಎತ್ತಿ ತೋರಿಸಿದರು. ಪುಡಿ ತಳ ಮುಟ್ಟಿತ್ತು. ಆ ಯಂತ್ರ ತೂಗಿ ಹಾಕುವುದಿಲ್ಲ, ಒಳಗಿನ ಸ್ಕ್ರೂ ಇಷ್ಟು ಸುತ್ತು ಅಂತ ತಿರುಗಿ ಪುಡಿ ತಳ್ಳುತ್ತದೆ. ಮೇಲಿನ ಭಾರ ಇಳಿದಂತೆ ಪ್ರತಿ ಸುತ್ತಿನಲ್ಲಿ ಬೀಳುವ ಪುಡಿಯೂ ಕಮ್ಮಿ. ನಾನು ಅಳೆದದ್ದು ಆ ದಿನದ ಮಾಲನ್ನಲ್ಲ, ಬೆಳಗಿನ ಐದು ನಿಮಿಷವನ್ನು.

ಹಳೇ ಸೆಟ್ಟಿಂಗಿಗೇ ಮರಳಿ, ಮಾರನೇ ದಿನ ಶಿಫ್ಟ್ ಪೂರ್ತಿ ಮುಕ್ಕಾಲು ಗಂಟೆಗೊಂದರಂತೆ ಹತ್ತು ಪ್ಯಾಕೆಟ್ ತೆಗೆದೆ. ಸರಾಸರಿ 501.1, ಡೀವಿಯೇಷನ್ 3.9. ಅದೇ ಸೂತ್ರ, ಅದೇ 2.262, ಈ ಸಲ 498.3ರಿಂದ 503.9.

ಮ್ಯಾನೇಜರ್ ಕೇಳಿದರು, "ಅಂದ್ರೆ ನೂರಕ್ಕೆ ತೊಂಬತ್ತೈದು ಪ್ಯಾಕೆಟ್ ಇದರೊಳಗೆ ಬರುತ್ತಾ?" ಇಲ್ಲ ಸರ್, ಇದು ಸರಾಸರಿಯ ವ್ಯಾಪ್ತಿ, ಒಂದೊಂದು ಪ್ಯಾಕೆಟ್ ಸುಮಾರು 493ರಿಂದ 509ರವರೆಗೂ ಓಡಾಡುತ್ತದೆ ಅಂದೆ. ಹೀಗೇ ಮತ್ತೆ ಮತ್ತೆ ಹತ್ತು ಹತ್ತು ತೆಗೆದು ಲೆಕ್ಕ ಹಾಕುತ್ತಾ ಹೋದರೆ, ನೂರು ವ್ಯಾಪ್ತಿಗಳಲ್ಲಿ ಸುಮಾರು 95 ನಿಜವಾದ ಸರಾಸರಿಯನ್ನು ಹಿಡಿದಿರುತ್ತವೆ. ಅವರಿಗೆ ಆ ಅಗಲ ಹಿಡಿಸಲಿಲ್ಲ. 40 ಪ್ಯಾಕೆಟ್ ತೂಗಿದರೆ ಅರ್ಧಕ್ಕಿಂತ ಕಮ್ಮಿಯಾಗುತ್ತದೆ, ಆದರೆ ಪ್ಯಾಕೆಟ್ಟುಗಳ ಓಡಾಟ ಹಾಗೇ ಉಳಿಯುತ್ತದೆ ಅಂತ ವಿವರಿಸಿದೆ.

ಸೆಟ್ಟಿಂಗ್ ಮುಟ್ಟಲಿಲ್ಲ. ಹಾಪರ್ ಅರ್ಧಕ್ಕಿಳಿಯುವ ಮೊದಲೇ ಪುಡಿ ಸುರಿಯಲು ಒಳಗೆ ಕೆಂಪು ಗೆರೆ ಎಳೆಸಿದೆವು. ಅಣ್ಣ ಆ ಗೆರೆ ಕಾಯ್ದರು. ಮುಂದಿನ ವಾರ ಡೀವಿಯೇಷನ್ 2.1ಕ್ಕೆ ಬಂತು.