ದಿಮ್ಮಿಯೋ ಮೀನೋ? ಚಳಿಗಾಲದಲ್ಲಿ ಗಾರ್ ಹುಡುಕಿದ್ದು

ಜನವರಿಯ ಒಂದು ಬೆಳಿಗ್ಗೆ. ಟೆಕ್ಸಸ್‌ನ ಟ್ರಿನಿಟಿ ನದಿಯ ತಿರುವೊಂದರಲ್ಲಿ ದೋಣಿ ನಿಲ್ಲಿಸಿಕೊಂಡು ಒಂದು ಗಂಟೆ ಸುಮ್ನೆ ನೀರು ನೋಡುತ್ತಾ ಕೂತಿದ್ದೆ. ನೀರು 9 ಡಿಗ್ರಿ. ಮೇಲೆ ಒಂದು ಗುಳ್ಳೆಯೂ ಇಲ್ಲ. ಶೀಟಿನಲ್ಲಿ 'ಗಾರ್: 0' ಎಂದು ಬರೆದು ಸಹಿ ಹಾಕಿದೆ. ಮೀನು ಸರ್ವೆ ಕೆಲಸಕ್ಕೆ ಸೇರಿ ಆಗ ಏಳು ತಿಂಗಳಾಗಿತ್ತಷ್ಟೆ. ಬೇಸಿಗೆಯಲ್ಲಿ ಇದೇ ತಿರುವಿನಲ್ಲಿ ಎಣಿಸಿ ಎಣಿಸಿ ಸುಸ್ತಾಗುವಷ್ಟು ಗಾರ್ ಕಂಡಿದ್ದವು. ಚಳಿಗೆ ಎಲ್ಲೋ ಹೊರಟುಹೋಗಿವೆ ಅಂದುಕೊಂಡೆ.

ತಂಡದ ಹಿರಿಯರು ಶೀಟ್ ನೋಡಿದರು. ಬೈಯಲಿಲ್ಲ. "ಇದು ಇಲ್ಲ ಅಂತಲೋ, ಕಾಣಲಿಲ್ಲ ಅಂತಲೋ?" ಎಂದು ಕೇಳಿ, ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿಕೊಂಡರು.

ಗಾರ್ ನೋಡದವರಿಗೆ ಎರಡು ಮಾತು. ಉದ್ದ ಮೈ, ಅದಕ್ಕೆ ಮೊಸಳೆಯ ಮೂತಿ ತಂದು ಅಂಟಿಸಿದ ಹಾಗಿರುವ ಮೀನು. ಹುರುಪೆಗಳು ವಜ್ರದಾಕಾರದಲ್ಲಿ, ಹೆಂಚು ಜೋಡಿಸಿದಂತೆ ಗಟ್ಟಿಯಾಗಿರುತ್ತವೆ. ಈಗ ಬದುಕಿರುವುದು ಏಳೇ ಜಾತಿ. ಎಲ್ಲವೂ ಉತ್ತರ ಅಮೆರಿಕ, ಮಧ್ಯ ಅಮೆರಿಕ, ಕ್ಯೂಬಾ ಕಡೆಯವು. ನಮ್ಮ ತುಂಗೆಯಲ್ಲೂ ಸೂಜಿಯಂಥ ಮೂತಿಯ ತೆಳ್ಳನೆ ಮೀನೊಂದಿದೆ, ಅದನ್ನೂ ಕೆಲವರು ಗಾರ್‌ಫಿಶ್ ಅಂತಾರೆ. ಅದು ಬೇರೆ ವಂಶ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಶೃಂಗೇರಿಯಲ್ಲಿ ಒಂದು ಹಿಡಿ ಪುರಿ ಎಸೆದರೆ ಮೀನು ತಾನಾಗೇ ಬಂದು ಮುಖ ತೋರಿಸುತ್ತದೆ. ಮೀನು ನೋಡುವುದು ಅಂದರೆ ನನ್ನ ತಲೆಯಲ್ಲಿ ಅಷ್ಟೇ ಇತ್ತು. ಬೇಸಿಗೆಯ ಗಾರ್ ಕೂಡ ಹಾಗೆಯೇ. ಅದಕ್ಕೆ ಕಿವಿರಿನ ಜೊತೆಗೆ ಗಾಳಿ ಎಳೆದುಕೊಳ್ಳುವ ಗಾಳಿಚೀಲವಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಜಾಸ್ತಿ. ಹಾಗಾಗಿ ಮತ್ತೆ ಮತ್ತೆ ಮೇಲೆ ಬಂದು, ಬಾಯಿ ತೆರೆದು ಗಾಳಿ ನುಂಗಿ ಮುಳುಗುತ್ತದೆ. ನಾವು ಎಣಿಸುತ್ತಿದ್ದದ್ದು ಆ ಏಳುವಿಕೆಯನ್ನು. ಚಳಿಯಲ್ಲಿ ಎಲ್ಲ ತಿರುಗುಮುರುಗು. ತಣ್ಣನೆಯ ನೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಮೀನಿನ ಮೈಯೂ ನಿಧಾನ. ಕಿವಿರೇ ಸಾಕು, ಮೇಲೆ ಬರುವ ಕೆಲಸವೇ ಇಲ್ಲ. ಆಳದ ಮಡುವಿನಲ್ಲಿ ಗುಂಪುಗೂಡಿ ತಳದ ಹತ್ತಿರ ಬಿದ್ದುಕೊಂಡಿರುತ್ತವೆ. ನಾನು ಒಂದು ಗಂಟೆ ಕಾದಿದ್ದು ಅವುಗಳ ತಲೆಯ ಮೇಲೆಯೇ ಇರಬೇಕು.

ಮಧ್ಯಾಹ್ನ ಸೋನಾರ್ ಇಳಿಸಿದೆವು. ದೋಣಿಯ ಎರಡೂ ಬದಿಗೆ ಶಬ್ದದ ಅಲೆ ಕಳಿಸಿ, ತಳದ ಚಿತ್ರ ಬಿಡಿಸುವ ಯಂತ್ರ ಇದು. ನಡಿಗೆಗಿಂತ ಸ್ವಲ್ಪ ಜೋರಾಗಿ, ನೇರವಾಗಿ ಹೋಗಬೇಕು. ದೋಣಿ ಅಲುಗಿದರೆ ಚಿತ್ರವೂ ಸೊಟ್ಟ. ಸ್ಕ್ರೀನ್ ಮೇಲೆ ಮಡು ಬರುತ್ತಿದ್ದಂತೆ ನನಗೆ ಖುಷಿಯೋ ಖುಷಿ. ಉದ್ದುದ್ದ ಬೆಳ್ಳಗಿನ ಗೆರೆಗಳು! ಗುರುತು ಹಾಕುತ್ತಾ ಹೋದೆ. ಹದಿಮೂರು ಗಾರ್. ಬೆಳಗಿನ ಸೊನ್ನೆಯ ಅವಮಾನ ತೀರಿತು ಅಂದುಕೊಂಡೆ.

ಅದರಲ್ಲಿ ಒಂಬತ್ತು ಮರದ ದಿಮ್ಮಿಗಳು.

ಹಿರಿಯರು ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸಿದರು. ಗೆರೆಯನ್ನು ನೋಡಬೇಡ, ಅದರ ನೆರಳು ನೋಡು ಎಂದರು. ಅಲೆಗೆ ಅಡ್ಡ ಬಂದ ವಸ್ತುವಿನ ಹಿಂದೆ ಅಲೆ ತಲುಪುವುದಿಲ್ಲ, ಅಲ್ಲಿ ಕಪ್ಪು ಬೀಳುತ್ತದೆ. ದಿಮ್ಮಿ ತಳಕ್ಕೆ ಕಚ್ಚಿಕೊಂಡು ಮಲಗಿರುವುದರಿಂದ ನೆರಳು ಅದಕ್ಕೆ ಅಂಟಿಕೊಂಡೇ ಇರುತ್ತದೆ. ಮೀನು ತಳದಿಂದ ಒಂದು ಗೇಣು ಮೇಲೆ ತೇಲುತ್ತಿದ್ದರೂ ಸಾಕು, ಮೀನಿಗೂ ನೆರಳಿಗೂ ನಡುವೆ ಸಣ್ಣ ಬಿರುಕು ಕಾಣುತ್ತದೆ. ಆಕಾರವೂ ನೆರಳಿನಲ್ಲೇ ಸ್ಪಷ್ಟ: ಒಂದು ತುದಿಯಲ್ಲಿ ಮೂತಿ ಸಣ್ಣಗಾಗುತ್ತಾ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಬಾಲ, ಅದಕ್ಕೆ ತೀರಾ ಹತ್ತಿರ ಬೆನ್ನಿನ ರೆಕ್ಕೆ. ದಿಮ್ಮಿಗೆ ಕೊಂಬೆಯ ಮೋಟು ಇರಬಹುದು, ಆದರೆ ಸರಿಯಾಗಿ ಆ ಜಾಗದಲ್ಲಿ ಇರುವುದು ಅಪರೂಪ.

ಬೇಸಿಗೆಯಲ್ಲಾದರೆ ಇಷ್ಟು ತಲೆನೋವಿಲ್ಲ. ಎರಡನೇ ಸುತ್ತು ಹೋದಾಗ ಅಲ್ಲೇ ಇದ್ದರೆ ದಿಮ್ಮಿ, ಜಾಗ ಬಿಟ್ಟಿದ್ದರೆ ಮೀನು. ಚಳಿಗಾಲದ ಗಾರ್ ಈ ಲೆಕ್ಕವನ್ನೂ ಕೆಡಿಸುತ್ತದೆ, ಅದೂ ಅಲ್ಲೇ ಬಿದ್ದಿರುತ್ತದೆ. ನಾವು ಮೂರು ಸುತ್ತು ಹೋದೆವು. ಮೂರನೆಯದರಲ್ಲಿ ಒಂದು 'ದಿಮ್ಮಿ' ಮೂತಿಯನ್ನು ಆಚೆ ಕಡೆ ತಿರುಗಿಸಿಕೊಂಡಿತ್ತು, ಅಷ್ಟೇ. ಅದೊಂದನ್ನು ನಾನು ಬಿಟ್ಟೇಬಿಟ್ಟಿದ್ದೆ.

ಸರಿ, ನಾಲ್ಕೋ ಐದೋ ಗಾರ್ ಇವೆ. ಯಾವ ಜಾತಿ? ಈ ನದಿಯಲ್ಲಿ ನಮಗೆ ಸಿಗುವುದು ಮೂರು: ಅಲಿಗೇಟರ್, ಲಾಂಗ್‌ನೋಸ್, ಸ್ಪಾಟೆಡ್. ಏಳು ಅಡಿಯ ನೆರಳು ಬಿದ್ದರೆ ಯೋಚನೆ ಬೇಡ, ಅದು ಅಲಿಗೇಟರ್ ಗಾರ್. ಬೇರೆ ಯಾವುದೂ ಇಲ್ಲಿ ಅಷ್ಟು ಬೆಳೆಯುವುದಿಲ್ಲ. 2011ರ ಫೆಬ್ರವರಿಯಲ್ಲಿ ಮಿಸ್ಸಿಸಿಪ್ಪಿ ರಾಜ್ಯದ ಚೋಟಾರ್ಡ್ ಸರೋವರದಲ್ಲಿ ಬಲೆಗೆ ಬಿದ್ದದ್ದು 327 ಪೌಂಡ್ ತೂಗಿತು, ಉದ್ದ ಎಂಟು ಅಡಿ ದಾಟಿತ್ತು. ಆದರೆ ನಾಲ್ಕು ಅಡಿಯದ್ದು ಅಲಿಗೇಟರ್ ಮರಿಯೂ ಇರಬಹುದು, ದೊಡ್ಡ ಲಾಂಗ್‌ನೋಸೂ ಇರಬಹುದು. ನಮ್ಮಲ್ಲಿ ಈ ಗೊಂದಲಕ್ಕೆ ಬೆಲೆ ಇದೆ. ಟೆಕ್ಸಸ್‌ನ ಬಹುತೇಕ ಕಡೆ 2009ರಿಂದ ಒಬ್ಬರು ದಿನಕ್ಕೆ ಒಂದೇ ಅಲಿಗೇಟರ್ ಗಾರ್ ಹಿಡಿದು ಇಟ್ಟುಕೊಳ್ಳಬಹುದು. ಇದೇ ರಾಜ್ಯ 1930ರ ದಶಕದಲ್ಲಿ ದೋಣಿಯಿಂದ ನೀರಿಗೆ ಕರೆಂಟ್ ಹಾಯಿಸಿ ಗಾರ್ ಕೊಲ್ಲಿಸುತ್ತಿತ್ತು, ಅದು ಬೇರೆ ವಿಷಯ.

ಜಾತಿ ತಿಳಿಯಲು ಬಲೆ ಹಾಕಲೇಬೇಕಾಯಿತು. ಬೇಸಿಗೆಯಲ್ಲಿ ಬಲೆ ಹಾಕಿದರೆ ಪಕ್ಕದಲ್ಲೇ ಕಾಯಬೇಕು. ಸಿಕ್ಕಿಕೊಂಡ ಗಾರ್ ಗಾಳಿಗೆ ಮೇಲೆ ಬರಲಾಗದೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮೀನು ಮುಳುಗಿ ಸಾಯುವುದು! ಚಳಿಯಲ್ಲಿ ಆ ಭಯ ಕಡಿಮೆ. ಆದರೆ ಮೀನು ಓಡಾಡದಿದ್ದರೆ ಬಲೆಗೆ ಬೀಳುವುದೂ ಕಡಿಮೆ. ಸೋನಾರ್ ತೋರಿಸಿದ ಜಾಗದ ಸುತ್ತಲೇ ಬಿಟ್ಟೆವು. ಸಂಜೆಗೆ ಮೂರು ಬಂದವು.

ಎರಡು ಲಾಂಗ್‌ನೋಸ್, ಅದರಲ್ಲಿ ಅನುಮಾನವೇ ಇಲ್ಲ. ಮೂತಿ ಹೆಣಿಗೆ ಕಡ್ಡಿಯಂತೆ ಸಣ್ಣ, ಉದ್ದ. ಮೂರನೆಯದು ಎರಡಡಿ, ಮೂತಿ ಗಿಡ್ಡ, ಮೈತುಂಬ ಕೆಸರು. "ಅಲಿಗೇಟರ್ ಮರಿ!" ಎಂದು ನಾನೇ ಮೊದಲು ಕೂಗಿದೆ. ಹಿರಿಯರು ಒಂದು ಮಗ್ ನೀರು ತೆಗೆದು ಅದರ ತಲೆಯ ಮೇಲೆ ಸುರಿದರು. ಕೆಸರು ಇಳಿದಾಗ ನೆತ್ತಿಯ ಮೇಲೆ, ಮೂತಿಯ ಮೇಲೆ, ಎದೆಯ ಪಕ್ಕದ ರೆಕ್ಕೆಯ ಮೇಲೆ ದುಂಡನೆ ಕಪ್ಪು ಚುಕ್ಕೆಗಳು. ಸ್ಪಾಟೆಡ್ ಗಾರ್. ಬಾಯಿ ಬಿಡಿಸಿಯೂ ತೋರಿಸಿದರು. ಅಲಿಗೇಟರ್ ಗಾರ್‌ಗೆ ಮೇಲ್ದವಡೆಯಲ್ಲಿ ದೊಡ್ಡ ಹಲ್ಲುಗಳ ಎರಡು ಸಾಲು, ಇದಕ್ಕೆ ಒಂದೇ. ನನ್ನ ಬೆರಳು ಮರಗಟ್ಟಿದ್ದವು, ಹಲ್ಲು ತಾಗಿದ್ದೂ ಗೊತ್ತಾಗಲಿಲ್ಲ. ಕೈಗವಸಿನ ಮೇಲೆ ರಕ್ತ ನೋಡಿದಾಗಲೇ ತಿಳಿದದ್ದು.

ಅಂದಿನಿಂದ ಮೊದಲು ತಲೆ ತೊಳೆದು ನೋಡುವ ಅಭ್ಯಾಸ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಮೊಸಳೆ ಮೂತಿಯ ಮೀನು ಸಿಕ್ಕಿದಾಗ ಅಣ್ಣ ಫೋಟೊ ಕಳಿಸಿ, "ನಿನ್ನ ಮೀನು ಇಲ್ಲಿಗೂ ಬಂತಲ್ಲೋ" ಅಂದ. ಅದು ಅಲಿಗೇಟರ್ ಗಾರ್ ಎಂದು ಸುದ್ದಿಯಲ್ಲೇ ಇತ್ತು. ಆದರೂ ನಾನು ಮೊದಲು ದೊಡ್ಡದು ಮಾಡಿ ನೋಡಿದ್ದು ನೆತ್ತಿಯನ್ನು.

ಕತ್ತಲಾಗುವ ಮೊದಲು ಶೀಟ್ ಮತ್ತೆ ತೆಗೆದೆ. ನಮ್ಮಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ಹೊಸದಾಗಿ ಬರೆಯಬೇಕು. 'ಗಾರ್: 0' ಮೇಲೆ ಗೆರೆ ಎಳೆದೆ. ಕೆಳಗೆ ಬರೆದೆ: ಮೇಲಿನಿಂದ ನೋಡಿದ್ದು, ಒಂದು ಗಂಟೆ, ಕಾಣಲಿಲ್ಲ. ಸೋನಾರ್, ಗಾರ್ 5, ಜಾತಿ ತಿಳಿಯದು. ಬಲೆ, ಲಾಂಗ್‌ನೋಸ್ 2, ಸ್ಪಾಟೆಡ್ 1. ಹಿರಿಯರು ಓದಿ, ನೀರಿನ ಉಷ್ಣತೆ ಬರೆಯುವುದನ್ನು ಮರೆತಿದ್ದೀಯ ಎಂದರು.